ಲೈನಿನಲ್ಲಿರುವವರು

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಮನೆಯಲ್ಲಿ ಉಳಿದದ್ದು ನಾವು ನಾಲ್ವರು ಮತ್ತು ಬ್ರೆಡ್ಡು. ಅಡುಗೆ ಮಾಡಲು ನಮಗೆ ಕೈ ಬರಲಿಕ್ಕಿಲ್ಲವೆಂದು ಕಟ್ಟಡದ ಪ್ರತಿಯೊಂದು ಮನೆಯವರೂ ಒಂದೊಂದು ಪೊಟ್ಟಣ ತಂದುಕೊಟ್ಟಿದ್ದರು. ಫ್ರಿಜ್ಜಿನ ಒಳಗೆ ಬ್ರೆಡ್ಡು, ಫ್ರಿಜ್ಜಿನ ಮೇಲೆ ಬ್ರೆಡ್ಡು, ವಾಷಿಂಗ್ ಮಷೀನಿನ ಮೇಲೂ ಬ್ರೆಡ್ಡು.

"ಇದು ಮುಗಿಯೋವರೆಗೆ ಈ ಮನೇಲಿ ಬೇರೆ ತಿಂಡಿ ಇಲ್ಲ," ಎಂದರು ಅತ್ತೆ.

"ಹಾಗಾದ್ರೆ ನಾನೂ ಮಗನ ಹಿಂದೆ ಹೊರಡೋದೇ ವಾಸಿ," ಎಂದರು ಮಾವ.

ಅತ್ತೆ ಮಾವನ ತಟ್ಟೆಗೆ ಇನ್ನೆರಡು ಚೂರು ಹಾಕಿದರು. "ತಿಂದು ಹೊರಡಿ. ಖಾಲಿ ಹೊಟ್ಟೇಲಿ ಪ್ರಯಾಣ ಬೇಡ."

ಮೊದಲು ನಕ್ಕವಳು ನಾದಿನಿ. ನಕ್ಕು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ನನ್ನ ಮುಖ ನೋಡಿದಳು. ನಾನು ಬೆಣ್ಣೆಯ ಡಬ್ಬಿಯನ್ನು ಅವಳತ್ತ ಸರಿಸಿದೆ. ನನಗೆ ಆ ದಿನಗಳಲ್ಲಿ ಯಾವುದರ ರುಚಿಯೂ ತಿಳಿಯುತ್ತಿರಲಿಲ್ಲ. ಹಾಗಾಗಿ ಬ್ರೆಡ್ಡಿನ ಬಗ್ಗೆ ದೂರು ಇರಲಿಲ್ಲ.

ನನ್ನ ಗಂಡ ಕಟ್ಟಡದ ಮೆಟ್ಟಿಲ ಮೇಲೆ ಸುಸ್ತಾಗಿ ಕೂತವರು ಮತ್ತೆ ಏಳಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ತಿಂಡಿಯ ನಡುವೆ ಅವರ ಫೋನ್ ಹೊಡೆದುಕೊಂಡಿತು. ಅತ್ತೆ ಎದ್ದು ಹೋಗಿ ಎತ್ತಿದರು. ನಿವೃತ್ತಿಯಾಗುವವರೆಗೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು ಅವರು. ಮನೆಯಲ್ಲಿ ಯಾರ ಫೋನ್ ಹೊಡೆದುಕೊಂಡರೂ ಬೇರೆಯವರು ಕೈ ಹಾಕುವಂತಿಲ್ಲ.

"ಹೇಳಿ. ಹೌದು, ಅವನ ತಾಯಿ. ಹೂಂ. ಹೂಂ. ಸೋಮವಾರದಿಂದ. ಮಾಡ್ತಾಳೆ. ಅವಳದ್ದೂ ಗಣಿತವೇ, ಎಂ.ಎಸ್ಸಿ. ನನ್ನ ಮಗನಿಗಿಂತ ಮಾರ್ಕ್ಸ್ ಜಾಸ್ತಿ. ಆಯ್ತು, ಇಡ್ತೀನಿ."

"ಯಾರು ಮಾಡ್ತಾಳೆ? ಏನು ಮಾಡ್ತಾಳೆ?" ನಾದಿನಿ ಕೇಳಿದಳು.

"ನಿನ್ನ ಅತ್ತಿಗೆ. ಅಣ್ಣನ ಸಂಜೆ ಕ್ಲಾಸು."

"ಅವರನ್ನ ಒಂದ್ಮಾತು ಕೇಳಿದ್ಯಾ? ಬಂದ ಫೋನ್ ಕಾಲನ್ನ ನಿನಗೆ ತೋಚಿದೋರಿಗೆ ಜೋಡಿಸಿಬಿಡೋದಾ ಅಮ್ಮ?"

"ಇಷ್ಟು ವರ್ಷ ಅದಕ್ಕೇ ಸಂಬಳ ಕೊಟ್ಟಿದ್ದು."

ನಾನು ಆಗಲಿ ಎಂದೆ. ಬೇಡ ಎನ್ನುವುದಕ್ಕೆ ಹೆಚ್ಚು ಮಾತು ಬೇಕಾಗುತ್ತಿತ್ತು.

ಕೆಲಸ ಮಾಡುತ್ತಲೇ ಶಾಲೆಯ ಕೊನೆಯ ಪರೀಕ್ಷೆಯನ್ನು ಮತ್ತೆ ಬರೆಯುವ ದೊಡ್ಡವರಿಗಾಗಿ ಒಂದು ಸಂಸ್ಥೆ ಆನ್‌ಲೈನ್ ತರಗತಿಗಳನ್ನು ನಡೆಸುತ್ತಿತ್ತು. ಅದರಲ್ಲಿ ಗಣಿತ ನನ್ನ ಗಂಡನದು. ವಾರಕ್ಕೆ ನಾಲ್ಕು ಸಂಜೆ, ಏಳು ಗಂಟೆಗೆ. ನಾನು ಹಗಲು ಹೊತ್ತು ವಿಮಾ ಕಚೇರಿಯೊಂದರಲ್ಲಿ ಲೆಕ್ಕ ನೋಡುತ್ತೇನೆ, ಸಂಜೆ ಮನೆಯಲ್ಲಿ ಅಡುಗೆ ಮಾಡುತ್ತೇನೆ. ಈಗ ಅಡುಗೆಯ ಹೊತ್ತಿಗೆ ಗಣಿತ ಬಂದು ಕೂತಿತು.

ನಾದಿನಿ ಕನ್ನಡಕದ ಅಂಗಡಿಯಿಂದ ಬರುವಾಗ ಎಂಟಾಗುತ್ತದೆ. ಅತ್ತೆ ಜಾರಿಬಿದ್ದು ಮುರಿದುಕೊಂಡ ಮಣಿಕಟ್ಟು ಇನ್ನೂ ಪಾತ್ರೆ ಎತ್ತುವಷ್ಟು ಗಟ್ಟಿಯಾಗಿರಲಿಲ್ಲ. ಮೂವರೂ ಮಾವನ ಕಡೆ ನೋಡಿದೆವು.

"ನಾನು ಲಿಫ್ಟ್ ಮೆಕ್ಯಾನಿಕ್ಕು," ಎಂದರು ಮಾವ.

"ಕುಕ್ಕರಿನಲ್ಲೂ ಮೇಲೆ ಕೆಳಗೆ ಹೋಗೋದು ಒಂದಿದೆ. ನಿಮಗೆ ಅಭ್ಯಾಸವಾಗತ್ತೆ," ಎಂದರು ಅತ್ತೆ.

*

ಸೋಮವಾರ ಏಳು ಗಂಟೆಗೆ ಪರದೆಯ ಮುಂದೆ ಕೂತೆ. ಕಪ್ಪು ಚೌಕಗಳು. ಹೆಸರು ಇರಬೇಕಾದ ಕಡೆ "ಅಪ್ಪನ ಫೋನ್" ಎಂದಿತ್ತು, "ಬೇಕರಿ ಹಿಂದಿನ ಕೋಣೆ" ಎಂದಿತ್ತು, "ಗೇಟ್ ಒಂದು" ಎಂದಿತ್ತು. ಒಬ್ಬರು ಬರೀ ಒಂದು ಚುಕ್ಕಿ ಇಟ್ಟಿದ್ದರು. ಪಟ್ಟಿಯಲ್ಲಿ ಇಪ್ಪತ್ತು ಜನ.

ನಾನು ಯಾರೆಂದು ಹೇಳಿದೆ. ಅನುಪಾತದ ಪಾಠ ಶುರುಮಾಡಿದೆ. ಕಾಗದದ ಮೇಲೆ ಬರೆದದ್ದು ಅವರಿಗೆ ಕಾಣುತ್ತಿತ್ತು, ನನ್ನ ದನಿ ಕೇಳುತ್ತಿತ್ತು. ಅವರ ಕಡೆಯಿಂದ ನನಗೆ ಏನೂ ಕೇಳಲಿಲ್ಲ. "ಅರ್ಥ ಆಯ್ತಾ?" ಎಂದೆ. ಒಂದು ಹೆಬ್ಬೆರಳಿನ ಚಿತ್ರ ಬಂತು. "ಪ್ರಶ್ನೆ ಇದ್ರೆ ಕೇಳಿ," ಎಂದೆ. ಆ ಹೆಬ್ಬೆರಳೂ ಮಾಯವಾಯಿತು.

ಊಟಕ್ಕೆ ಕೂತಾಗ ಅನ್ನದಲ್ಲಿ ಅರ್ಧ ಅಕ್ಕಿಯಾಗಿಯೇ ಉಳಿದಿತ್ತು.

"ಹೇಗಿತ್ತು ಕ್ಲಾಸು?" ಮಾವ ಕೇಳಿದರು.

"ಆಯ್ತು ಮಾವ. ಯಾರೂ ಮಾತಾಡಲಿಲ್ಲ."

"ಒಳ್ಳೇ ಮಕ್ಕಳು."

"ಅಪ್ಪ, ಮಾತಾಡದೇ ಇರೋದು ಒಳ್ಳೇದಲ್ಲ," ಎಂದಳು ನಾದಿನಿ. "ನಮ್ಮ ಅಂಗಡಿಗೆ ಬಂದೋರು ಅಕ್ಷರ ಕಾಣದೇ ಇದ್ರೂ ಕಾಣ್ತಿದೆ ಅಂತ ತಲೆ ಆಡಿಸ್ತಾರೆ. ಆಮೇಲೆ ತಪ್ಪು ಕನ್ನಡಕ ಹಾಕ್ಕೊಂಡು ಮೆಟ್ಟಿಲು ಎಡವ್ತಾರೆ."

"ಈ ಅನ್ನ ತಿಂದು ತಲೆ ಆಡಿಸ್ತಾ ಇದೀವಲ್ಲ, ಹಾಗೆ," ಎಂದರು ಅತ್ತೆ.

ವಾರಗಳು ಹೋದವು. ಮಾವ ಮೊಟ್ಟೆ ಬೇಯಿಸುವುದನ್ನೂ ಆಲೂಗಡ್ಡೆ ಹುರಿಯುವುದನ್ನೂ ಕಲಿತರು. ಅನ್ನ ಮಾತ್ರ ಒಲಿಯಲಿಲ್ಲ. ನನ್ನ ಪರದೆಯ ಮೇಲಿನ ಚೌಕಗಳು ಒಂದೊಂದಾಗಿ ಕಡಿಮೆಯಾದವು. ಮನೆಗೆಲಸದ ಲೆಕ್ಕಗಳನ್ನು ಕೆಲವರು ಫೋಟೊ ತೆಗೆದು ಕಳಿಸುತ್ತಿದ್ದರು. ತಪ್ಪಿಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಸರಿಯುತ್ತರ ಬರೆದು ವಾಪಸು ಕಳಿಸುತ್ತಿದ್ದೆ. ಮುಂದಿನ ವಾರ ಅದೇ ತಪ್ಪು ಮತ್ತೆ ಬರುತ್ತಿತ್ತು. ಮತ್ತೆ ಕೆಂಪು ಗೆರೆ.

ಸಂಸ್ಥೆಯ ಸಂಯೋಜಕರು ಫೋನ್ ಮಾಡಿದರು. ಅತ್ತೆ ಎತ್ತಿ, ಪೂರ್ತಿ ಕೇಳಿಸಿಕೊಂಡೇ ನನಗೆ ಕೊಟ್ಟರು.

"ತಪ್ಪು ತಿಳೀಬೇಡಿ ಮೇಡಂ," ಎಂದರು ಸಂಯೋಜಕರು. "ತಿಂಗಳ ಕೊನೇಲಿ ನಾನು ಕ್ಲಾಸಿಗೆ ಬಂದು ಹಾಜರಿ ನೋಡ್ಬೇಕು. ಅರ್ಧಕ್ಕಿಂತ ಕಡಿಮೆ ಇದ್ರೆ ನೇರ ಪಾಠ ನಿಲ್ಲಿಸಿ ರೆಕಾರ್ಡ್ ಮಾಡಿದ ಪಾಠ ಕಳಿಸೋದು ನಿಯಮ. ನಿಮಗೂ ವಿಶ್ರಾಂತಿ ಸಿಗತ್ತೆ."

ವಿಶ್ರಾಂತಿಯ ಮಾತು ನನಗೆ ಹಿತವಾಗಿಯೇ ಕೇಳಿಸಿತು. ಆ ಸಂಜೆ ತರಗತಿಯಲ್ಲಿ ವಿಷಯ ಹೇಳಿದೆ. ಮುಗಿದ ಮೇಲೆ ಒಂದು ಸಂದೇಶ ಬಂತು. ಚುಕ್ಕಿ ಇಟ್ಟುಕೊಂಡಿದ್ದವನದು.

"ಮೇಡಂ ನಾನು ಆಂಬುಲೆನ್ಸ್ ಡ್ರೈವರ್. ರೆಕಾರ್ಡ್ ಪಾಠ ನೋಡಿ ಎರಡು ಸಲ ಫೇಲ್ ಆಗಿದೀನಿ. ಈ ಸಲ ಪಾಸಾಗದಿದ್ರೆ ಕೆಲಸ ಕಾಯಂ ಆಗಲ್ಲ, ವಯಸ್ಸು ಮೀರತ್ತೆ. ದಯವಿಟ್ಟು ನಿಲ್ಲಿಸಬೇಡಿ. ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ."

ಅದನ್ನು ಊಟದ ಹೊತ್ತಿಗೆ ಎಲ್ಲರಿಗೂ ಓದಿ ಹೇಳಿದೆ. ಮಾವ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ನಿಂತರು. "ಪಾಪ. ಎಲ್ಲರನ್ನೂ ಹೊತ್ತುಕೊಂಡು ಹೋಗೋನು," ಎಂದರು.

*

ಮರುದಿನ ಮತ್ತೆ ಅನುಪಾತವೇ. ಉದ್ದದ ಲೆಕ್ಕವೊಂದನ್ನು ಬರೆಯುತ್ತ ಮೈಕ್ ಆಫ್ ಮಾಡುವುದನ್ನು ಮರೆತೆ. ಕೋಣೆಯ ಬಾಗಿಲೂ ತೆರೆದಿತ್ತು. ಆಚೆ ಅಡುಗೆಮನೆ.

"ಎಷ್ಟು ನೀರು ಹಾಕಿದ್ರಿ?" ಅತ್ತೆಯ ದನಿ. ಎಕ್ಸ್‌ಚೇಂಜಿನಲ್ಲಿ ಪಳಗಿದ ದನಿ, ಮೂರು ಗೋಡೆ ದಾಟುತ್ತದೆ.

"ನೀನು ಹೇಳಿದಷ್ಟೇ."

"ನಾನು ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು ಅಂದಿದ್ದೆ."

"ಗೊತ್ತು ಕಣೇ. ಅಕ್ಕಿಗಿಂತ ಒಂದು ಲೋಟ ನೀರು ಜಾಸ್ತಿ. ಇವತ್ತು ಮೂರು ಲೋಟ ಅಕ್ಕಿ. ಅದಕ್ಕೇ ನಾಲ್ಕು ಹಾಕಿದೆ."

"ನಾಲ್ಕಾ?"

"ಮೂರಕ್ಕಿಂತ ಒಂದು ಜಾಸ್ತಿ ನಾಲ್ಕೇ ತಾನೇ? ಅಥವಾ ನಿಮ್ಮ ಎಕ್ಸ್‌ಚೇಂಜಲ್ಲಿ ಬೇರೆ ಲೆಕ್ಕಾನಾ?"

"ರೀ, ಇಷ್ಟು ದಿನ ಇದೇ ಲೆಕ್ಕದಲ್ಲಿ ನಮಗೆ ಅಕ್ಕಿ ತಿನ್ನಿಸಿದ್ದಾ?"

ನಾನು ಮೈಕ್ ಕಡೆ ಕೈ ಚಾಚಿದೆ. ಅಷ್ಟರಲ್ಲಿ ಒಂದು ಚೌಕದಿಂದ ದನಿ ಬಂತು. ಆ ತರಗತಿಯಲ್ಲಿ ನಾನು ಕೇಳಿದ ಮೊದಲ ದನಿ.

"ಮೇಡಂ, ಆ ಹಿರಿಯರು ಹೇಳಿದ್ದು ಸರಿ ಅಲ್ವಾ? ನಾನೂ ಹೋಂವರ್ಕಲ್ಲಿ ಹಾಗೇ ಮಾಡಿದೀನಿ." ಆಂಬುಲೆನ್ಸ್ ಚಾಲಕ.

"ಅಯ್ಯೋ ಅಣ್ಣ, ಎಲ್ಲಿ ಸರಿ?" ಇದು ಬೇಕರಿಯ ಹಿಂದಿನ ಕೋಣೆ. ಹೆಂಗಸಿನ ದನಿ, ಹಿಂದೆ ಯಂತ್ರದ ಗುರ್ ಸದ್ದು. "ಮೂವತ್ತು ಕೆಜಿ ಹಿಟ್ಟಿಗೆ ಒಂದು ಲೋಟ ನೀರು ಜಾಸ್ತಿ ಹಾಕಿದ್ರೆ ಅದು ಹಿಟ್ಟಾಗಿಯೇ ಮನೆಗೆ ಹೋಗತ್ತೆ."

"ಹಾಗಾದ್ರೆ ಎಷ್ಟು ಹಾಕ್ಬೇಕಿತ್ತು?" ಅಪ್ಪನ ಫೋನು ಕೇಳಿತು.

"ಆರು," ಎಂದಿತು ಬೇಕರಿ.

"ಆರು ಹೇಗೆ? ಮೂರರ ಮೇಲೆ ಒಂದು..."

ನಾನು ಮೈಕ್ ಆಫ್ ಮಾಡಲಿಲ್ಲ. ಕೈಯಲ್ಲಿದ್ದ ಲೆಕ್ಕವನ್ನು ಪಕ್ಕಕ್ಕಿಟ್ಟು ಹೊಸ ಹಾಳೆಯಲ್ಲಿ ಮೂರು ಲೋಟ ಬರೆದೆ. ಒಂದೊಂದು ಲೋಟದ ಪಕ್ಕ ಎರಡೆರಡು ಲೋಟ ನೀರು. ನಾನು ತಿದ್ದಿ ಕಳಿಸಿದ್ದ ಅಷ್ಟೂ ಕೆಂಪು ಗೆರೆಗಳ ಅಡಿಯಲ್ಲಿ ಇದ್ದದ್ದು ಇದೇ. ಗುಣಿಸುವ ಕಡೆ ಎಲ್ಲರೂ ಕೂಡಿಸಿದ್ದರು. ಹೇಗೆ ಮಾಡಿದಿರಿ ಎಂದು ಒಬ್ಬರನ್ನೂ ನಾನು ಕೇಳಿರಲಿಲ್ಲ.

"ಇಷ್ಟು ದಿನ ಯಾಕೆ ಯಾರೂ ಮಾತಾಡಲಿಲ್ಲ?" ಎಂದೆ.

ಚಾಲಕನೇ ಹೇಳಿದ. "ಸರ್ ಹೋಗಿ ಇನ್ನೂ... ನಿಮ್ಮನ್ನ ಏನು ಅಂತ ಕೇಳೋದು ಮೇಡಂ? ಆ ಮನೇಲಿ ಜೋರಾಗಿ ಉಸಿರಾಡೋದೂ ತಪ್ಪು ಅಂದ್ಕೊಂಡಿದ್ವಿ. ಈಗ ನೋಡಿದ್ರೆ ಅನ್ನಕ್ಕೆ ಜಗಳ ಆಡ್ತಿದೀರ. ಧೈರ್ಯ ಬಂತು."

ಬಾಗಿಲಲ್ಲಿ ಮಾವ ಕುಕ್ಕರಿನ ಮುಚ್ಚಳ ಹಿಡಿದು ನಿಂತಿದ್ದರು. "ಯಾರಮ್ಮ ಅದು ನನ್ನ ಪರವಾಗಿ ಮಾತಾಡಿದ್ದು?" ಎಂದು ಕೇಳಿದರು.

*

ಮಾತು ಶುರುವಾಯಿತು. ಆದರೆ ಬಿಟ್ಟುಹೋದವರು ಬಿಟ್ಟೇ ಹೋಗಿದ್ದರು. ಇಪ್ಪತ್ತರಲ್ಲಿ ಏಳೆಂಟು ಜನ ಬರುತ್ತಿದ್ದರು.

"ಬರದೇ ಇರೋರಿಗೆ ಫೋನ್ ಮಾಡಿ ಕೇಳೋದು ತಾನೇ?" ಎಂದರು ಅತ್ತೆ.

"ಅವರೆಲ್ಲ ದೊಡ್ಡವರು ಅತ್ತೆ. ಬೇಕು ಅನ್ನಿಸಿದ್ರೆ ಬರ್ತಾರೆ."

"ಲೈನಲ್ಲಿ ಕಾಯ್ತಾ ಇರೋರನ್ನ ಸುಮ್ಮನೆ ಬಿಟ್ರೆ ಫೋನ್ ಇಟ್ಟುಬಿಡ್ತಾರೆ. ಆಗಾಗ 'ಇರಿ, ಜೋಡಿಸ್ತಾ ಇದೀನಿ' ಅಂತ ಹೇಳ್ತಾ ಇರ್ಬೇಕು. ಮೊದಲ ದಿನವೇ ಹೇಳಿಕೊಡ್ತಿದ್ರು ನಮಗೆ."

ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಮರುದಿನ ನಾನು ಕಚೇರಿಯಲ್ಲಿದ್ದಾಗ ಅತ್ತೆ ನನ್ನ ಮೇಜಿನ ಮೇಲಿದ್ದ ನಂಬರುಗಳನ್ನು ತೆಗೆದುಕೊಂಡು ಕೂತರು. ಇಬ್ಬರು ಎತ್ತಲಿಲ್ಲ. ಒಬ್ಬನಿಗೆ ಜ್ವರ. ಅವನಿಗೆ ಬಿಸಿನೀರು ಕುಡಿಯಲು ಹೇಳಿದರು. ನಾಲ್ಕನೆಯದು "ಗೇಟ್ ಒಂದು". ಆ ಹೆಂಗಸು ಗೋದಾಮೊಂದರಲ್ಲಿ ಸೆಕ್ಯೂರಿಟಿ. ಅವಳು ಕೊಟ್ಟಿದ್ದ ನಂಬರು ಗೋದಾಮಿನ ಗೇಟಿನದು. ಎತ್ತಿದ್ದು ಅವಳ ಮೇಲಿನ ಸೂಪರ್‌ವೈಸರು.

"ನಿಮ್ಮ ಗೇಟಿನ ಹೆಂಗಸು ಗಣಿತದ ಕ್ಲಾಸಿಗೆ ಬರ್ತಾ ಇಲ್ಲ, ಸ್ವಲ್ಪ ಬುದ್ಧಿ ಹೇಳಿ ಕಳಿಸಿಕೊಡಿ," ಎಂದಿದ್ದರು ಅತ್ತೆ.

ಸಂಜೆ ಅವಳ ಸಂದೇಶ ಬಂತು. "ಮೇಡಂ, ನಾನು ಓದ್ತಿರೋದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಎಲ್ಲರೂ ಆಡ್ಕೊಂಡು ನಗ್ತಿದಾರೆ. ನನ್ನ ಹೆಸರು ತೆಗೆದುಬಿಡಿ."

ನಾನು ಅಡುಗೆಮನೆಗೆ ಹೋದೆ. ಅತ್ತೆ ಈರುಳ್ಳಿ ಸುಲಿಯುತ್ತಿದ್ದರು. ಮಾವ ಹೆಚ್ಚುತ್ತಿದ್ದರು.

"ನನ್ನ ಕೆಲಸಕ್ಕೆ ನೀವು ಯಾಕೆ ಕೈ ಹಾಕಿದ್ರಿ?"

ಅತ್ತೆ ತಲೆ ಎತ್ತಿದರು. ಆ ಮನೆಗೆ ಬಂದ ಮೇಲೆ ನಾನು ಅವರ ಎದುರು ದನಿ ಏರಿಸಿದ್ದು ಅದೇ ಮೊದಲು.

"ಒಳ್ಳೇದಕ್ಕೆ ಮಾಡಿದೆ."

"ನಿಮ್ಮ ಮಗ ಆಗಿದ್ರೆ ಒಂದ್ಮಾತು ಕೇಳಿ ಮಾಡ್ತಿದ್ರಿ. ನನ್ನನ್ನ ಕೇಳೋದೇ ಇಲ್ಲ. ಸೋಮವಾರದಿಂದ ಮಾಡ್ತಾಳೆ ಅಂದ್ರಿ, ನಾನು ಮಾಡಿದೆ. ಅವಳ ಮಾನ ಹೋಯ್ತು ಅತ್ತೆ. ಅಲ್ಲಿ ನಗ್ತಿದಾರಂತೆ."

"ಅವನಿದ್ದಿದ್ರೆ ನಾನು ಯಾಕೆ ಊರೋರ ನಂಬರ್ ಹಿಡ್ಕೊಂಡು ಕೂತ್ಕೋತಿದ್ದೆ?" ಎಂದರು ಅತ್ತೆ. "ದಿನಾ ಮಧ್ಯಾಹ್ನ ಅವನೇ ಫೋನ್ ಮಾಡ್ತಿದ್ದ. ಊಟ ಆಯ್ತಾ ಅಂತ. ಈಗ ಆ ಹೊತ್ತಿಗೆ ಏನು ಮಾಡಲಿ ಹೇಳು."

ಮಾವ ಹೆಚ್ಚುವುದನ್ನು ನಿಲ್ಲಿಸಿ ನಮ್ಮಿಬ್ಬರ ನಡುವೆ ಬಂದು ನಿಂತರು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. "ಈರುಳ್ಳಿ," ಎಂದರು. ಯಾರೂ ಕೇಳಿರಲಿಲ್ಲ.

ಅಂದು ಊಟದ ಮೇಜಿನಲ್ಲಿ ನಾದಿನಿಯೊಬ್ಬಳೇ ಮಾತನಾಡಿದಳು. ಎರಡೂ ಕಣ್ಣಿಗೆ ಬೇರೆ ಬೇರೆ ಬಣ್ಣದ ಗಾಜು ಬೇಕೆಂದು ಹಟ ಹಿಡಿದ ಗಿರಾಕಿಯೊಬ್ಬನ ಕತೆಯನ್ನು ಪೂರ್ತಿ ಹೇಳಿ, ಕೊನೆಗೆ "ಯಾರಾದ್ರೂ ಹೂಂ ಅನ್ನಿ," ಎಂದಳು.

ಬೆಳಿಗ್ಗೆ ಚಹಾ ಕೊಡುವಾಗ ಅತ್ತೆ ಹೇಳಿದರು. "ಆ ಹೆಂಗಸಿನ ಸ್ವಂತ ನಂಬರ್ ಸಿಗತ್ತಾ ನೋಡು. ತಪ್ಪಾಯ್ತು ಅಂತ ಹೇಳ್ತೀನಿ."

"ಬೇಡ ಅತ್ತೆ, ನಾನೇ ಮಾಡ್ತೀನಿ."

ಕಚೇರಿಯಿಂದ ಬಂದ ಮೇಲೆ ಹಾಸಿಗೆಯ ಅಂಚಿನಲ್ಲಿ ಕೂತು, ಅವಳ ಸಂದೇಶ ಬಂದಿದ್ದ ನಂಬರಿಗೆ ಫೋನ್ ಮಾಡಿದೆ. ಗಂಡ ತೀರಿಕೊಂಡ ಮೇಲೆ ನಾನಾಗಿ ಯಾರಿಗೂ ಫೋನ್ ಮಾಡಿರಲಿಲ್ಲ. ಅವಳು ಎತ್ತಿದಳು. ಕ್ಷಮಿಸಿ ಎಂದೆ. ಬಹಳ ಹೊತ್ತು ಅವಳು ಏನೂ ಹೇಳಲಿಲ್ಲ. ಅತ್ತೆಯ ಮಾತು ನೆನಪಾಗಿ "ಇದೀನಿ, ನಿಧಾನಕ್ಕೆ ಹೇಳಿ," ಎಂದೆ.

"ಏಳು ಗಂಟೆಗೆ ನಾನು ಬಸ್ಸಲ್ಲಿರ್ತೀನಿ ಮೇಡಂ," ಎಂದಳು ಕೊನೆಗೆ. "ನಿಂತ್ಕೊಂಡು ಬರೆಯೋಕಾಗಲ್ಲ. ಅರ್ಧ ಪಾಠ ತಪ್ಪತ್ತೆ. ಅರ್ಧ ತಪ್ಪಿದ ಮೇಲೆ ಇನ್ನರ್ಧಕ್ಕೆ ಬಂದು ಪೆದ್ದಿ ಹಾಗೆ ಯಾಕೆ ಕೂತ್ಕೊಳ್ಳಲಿ?"

ಆ ವಾರ ಉಳಿದವರಿಗೂ ನಾನೇ ಮಾಡಿದೆ. ಸೋಮಾರಿಗಳು ಯಾರೂ ಇರಲಿಲ್ಲ. ಒಬ್ಬನಿಗೆ ರಾತ್ರಿ ಪಾಳಿ. ಒಬ್ಬಳ ಮನೆಯಲ್ಲಿ ಒಂದೇ ಫೋನ್, ಆ ಹೊತ್ತಿಗೆ ಅದು ಮಗನ ಕೈಯಲ್ಲಿ. ಒಬ್ಬನ ಕೆಂಪು ಗೆರೆಗಳನ್ನು ಮಗಳು ನೋಡಿಬಿಟ್ಟಿದ್ದಳಂತೆ. ಆಮೇಲೆ ಅವನು ಲೆಕ್ಕ ಕಳಿಸಲಿಲ್ಲ.

ಕೆಂಪು ಪೆನ್ನನ್ನು ನಾದಿನಿಗೆ ಕೊಟ್ಟುಬಿಟ್ಟೆ. ತಪ್ಪು ಕಂಡ ಕಡೆ ಗೆರೆ ಎಳೆಯದೆ, "ಇಲ್ಲಿ ಏನು ಯೋಚಿಸಿದಿರಿ, ಹೇಳಿ" ಎಂದು ದನಿ ರೆಕಾರ್ಡ್ ಮಾಡಿ ಕಳಿಸತೊಡಗಿದೆ. ಬಸ್ಸಿನಲ್ಲಿರುವವರಿಗಾಗಿ ಮೊದಲ ಅರ್ಧ ಗಂಟೆ ಹಳೆಯ ಲೆಕ್ಕ, ಹೊಸದು ಏಳೂವರೆಯ ನಂತರ. ರಾತ್ರಿ ಪಾಳಿಯವನಿಗೆ ಭಾನುವಾರ ಮಧ್ಯಾಹ್ನ ಇನ್ನೊಮ್ಮೆ. ಬರೆದ ಹಾಳೆಗಳ ಫೋಟೊ ಎಲ್ಲರಿಗೂ. ಫೋನ್ ಮಾಡಬಹುದೇ, ಯಾವಾಗ ಮಾಡಬಹುದು ಎಂದು ಒಬ್ಬೊಬ್ಬರನ್ನೂ ಕೇಳಿದೆ. ಮಾಡಿ ಎಂದವರ ನಂಬರುಗಳನ್ನು ಅತ್ತೆಗೆ ಒಪ್ಪಿಸಿದೆ. ಮಧ್ಯಾಹ್ನದ ಹೊತ್ತು ಅವರು ಫೋನ್ ಹಿಡಿದು ಕೂರುತ್ತಿದ್ದರು.

"ಏನಪ್ಪ, ನಿನ್ನೆ ಕಾಣಲಿಲ್ಲ. ಊಟ ಆಯ್ತಾ? ಸಂಜೆ ಬಾ. ಹತ್ತು ನಿಮಿಷ ಮುಂಚೆ ಬಂದ್ರೆ ನಮ್ಮನೆಯೋರು ಇರ್ತಾರೆ, ಹರಟೆ ಹೊಡೀಬಹುದು."

ಮಾವ ಇದ್ದೇ ಇರುತ್ತಿದ್ದರು. ಅಡುಗೆ ಬೇಗ ಮುಗಿಸಿ, ನಾದಿನಿಯ ಹಳೆಯ ಫೋನಿನಲ್ಲಿ ಪಕ್ಕದ ಕೋಣೆಯಿಂದ ಸೇರಿಕೊಳ್ಳುತ್ತಿದ್ದರು. ಅರ್ಥವಾಗದಿದ್ದರೆ ಸಂಕೋಚವಿಲ್ಲದೆ "ನಿಲ್ಲಿಸಮ್ಮ, ನನ್ನ ತಲೆಗೆ ಇಳೀಲಿಲ್ಲ," ಎನ್ನುತ್ತಿದ್ದರು. ಅವರ ಹಿಂದೆ ಮೂರು ಜನ "ನನಗೂ," ಎನ್ನುತ್ತಿದ್ದರು.

*

ಆ ದಿನಗಳಲ್ಲೇ ಒಂದು ಸಂಜೆ ಕೆಳಗಿನ ಅಂಗಡಿ ಸಾಲಿನ ಫೋಟೊ ಸ್ಟುಡಿಯೊದವರು ಮೇಲೆ ಬಂದರು. ಎಲ್ಲರ ಆರೋಗ್ಯ ವಿಚಾರಿಸಿದರು. ಚಹಾ ಕುಡಿದರು. ನನ್ನ ಕೋಣೆಯ ಕಡೆ ಒಂದೆರಡು ಸಲ ನೋಡಿದರು. "ಬರ್ತೀನಿ," ಎಂದು ಹೊರಟುಹೋದರು.

"ಸ್ಟ್ಯಾಂಡ್ ಕೇಳೋಕೆ ಬಂದಿದ್ದು ಅವರು," ಎಂದರು ಅತ್ತೆ. "ಬಾಯಿ ಬರಲಿಲ್ಲ."

"ಯಾವ ಸ್ಟ್ಯಾಂಡು?"

"ನೀನು ಫೋನ್ ಸಿಕ್ಕಿಸ್ತೀಯಲ್ಲ, ಅದೇ. ನನ್ನ ಮಗ ಒಂದು ವಾರಕ್ಕೆ ಅಂತ ಇಸ್ಕೊಂಡು ಬಂದಿದ್ದ. ವರ್ಷದ ಮೇಲಾಯ್ತು."

ಅದು ನಮ್ಮದೇ ಎಂದುಕೊಂಡಿದ್ದೆ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಮೇಲೆ ಅಡ್ಡ ತೋಳು. ಫೋನು ಅದರಿಂದ ಕಾಗದದ ಮೇಲೆ ಬಾಗಿ ನೋಡುತ್ತದೆ. ನನ್ನ ಗಂಡ ಎಡಗೈಯಲ್ಲಿ ಬರೆಯುತ್ತಿದ್ದರು, ಆದ್ದರಿಂದ ತೋಳು ಬಲಗಡೆಯಿಂದ ಚಾಚಿತ್ತು. ನಾನು ಬಲಗೈಯವಳು. ಬರೆಯುವಾಗಲೆಲ್ಲ ಮೊಣಕೈ ಅದಕ್ಕೆ ಬಡಿಯುತ್ತಿತ್ತು. ತಿರುಗಿಸಿಕೊಂಡಿರಲಿಲ್ಲ.

ಮರುದಿನ ಕೆಳಗೆ ಹೋಗಿ ಕೇಳಿದೆ. ಸ್ಟುಡಿಯೊದವರು ಮುಜುಗರಪಟ್ಟರು. "ಇರಲಿ ಬಿಡಿ. ನನ್ನ ಹೆಂಡತಿ ಲೈಟ್ ಹಿಡ್ಕೋತಾಳೆ."

"ಹಿಡ್ಕೊಂಡು ಹಿಡ್ಕೊಂಡು ತೋಳು ಬಿದ್ದುಹೋಗಿದೆ," ಎಂದರು ಒಳಗಿನಿಂದ ಅವರ ಹೆಂಡತಿ. "ಪರೀಕ್ಷೆ ಮುಗೀಲಿ, ಆಮೇಲೆ ಕೊಡಿ. ಅಲ್ಲೀವರೆಗೆ ತೋಳು ನನ್ನದೇ ತಾನೇ."

*

ತಿಂಗಳ ಕೊನೆಯ ಸಂಜೆ ಸಂಯೋಜಕರು ತರಗತಿಗೆ ಬಂದರು. ನಾದಿನಿ ಅಂಗಡಿಯಲ್ಲಿ ಕೇಳಿಕೊಂಡು ಬೇಗ ಬಂದಿದ್ದಳು. ಅತ್ತೆ ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಬೇಕರಿ ಬಂತು, ಅಪ್ಪನ ಫೋನು ಬಂತು, ಜ್ವರ ಬಿಟ್ಟವನು ಬಂದ. ಚಾಲಕ ಆಸ್ಪತ್ರೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಸ್ಟಿಯರಿಂಗಿಗೆ ಪುಸ್ತಕ ಒರಗಿಸಿ ಕೂತಿದ್ದ. ಮೊದಲ ಸಲ ಅವನ ಮುಖ ಕಂಡೆ. ದಪ್ಪ ಮೀಸೆ, ಮಗುವಿನ ಕೆನ್ನೆ.

"ಮೇಡಂ, ಹತ್ತು ಜನ ಇದಾರೆ," ಎಂದರು ಸಂಯೋಜಕರು. "ಸರಿಯಾಗಿ ಅರ್ಧ. ನಡೆಯತ್ತೆ."

ಅತ್ತೆ ಹಿಂದಿನಿಂದ ಬಾಗಿದರು. "ಅದರಲ್ಲಿ ಒಬ್ಬರು ನಮ್ಮನೆಯೋರು. ಪಟ್ಟಿಯಲ್ಲಿ ಇಲ್ಲ."

"ಅಮ್ಮ," ಎಂದಳು ನಾದಿನಿ ಹಲ್ಲು ಕಚ್ಚಿಕೊಂಡು.

"ಸುಳ್ಳು ಲೈನ್ ಕೊಟ್ಟು ನನಗೆ ಅಭ್ಯಾಸವಿಲ್ಲ."

ಪಕ್ಕದ ಕೋಣೆಯಿಂದ ಮಾವ ಕೂಗಿದರು. "ನಾನು ಒಂದು ದಿನವೂ ತಪ್ಪಿಸಿಲ್ಲ. ನನ್ನನ್ನ ಯಾಕೆ ಎಣಿಸಬಾರದು?"

ಸಂಯೋಜಕರು ಕೆಮ್ಮಿದರು. "ಹಾಗಾದ್ರೆ ಒಂಬತ್ತು. ಸ್ವಲ್ಪ ಕಾಯ್ತೀನಿ ಮೇಡಂ. ಪಾಠ ಮಾಡ್ತಾ ಇರಿ."

ನಾನು ಪಾಠ ಮಾಡಿದೆ. ಒಂದು ನೀರಿನ ತೊಟ್ಟಿಯನ್ನು ಎರಡು ನಲ್ಲಿಗಳಿಂದ ತುಂಬಿಸಿದೆ. ತರಗತಿ ಉಳಿಯುವುದು ನನಗೆ ಬೇಕಾಗಿತ್ತು. ಬಹಳ ದಿನಗಳಿಂದ ನನಗೆ ಏನೂ ಬೇಕಾಗಿರಲಿಲ್ಲ.

ಏಳೂವರೆಯ ಹೊತ್ತಿಗೆ ಪರದೆಯ ಮೂಲೆಯಲ್ಲಿ "ಗೇಟ್ ಒಂದು" ಮೂಡಿತು. ಕ್ಯಾಮೆರಾ ಆನ್ ಆಯಿತು. ಗೋದಾಮಿನ ಕಾವಲು ಕೋಣೆ. ಹಿಂದೆ ಟೋಪಿ ಹಾಕಿಕೊಂಡ ಗಂಡಸೊಬ್ಬರು ಅವಳ ಪುಸ್ತಕದೊಳಗೆ ಇಣುಕುತ್ತಿದ್ದರು.

"ತಡ ಆಯ್ತು ಮೇಡಂ. ಇವರು ನಮ್ಮ ಸೂಪರ್‌ವೈಸರು. ಮನೆಗೆ ಹೋಗೋ ಬಸ್ಸಲ್ಲಿ ಒದ್ದಾಡ್ಬೇಡ, ಇಲ್ಲೇ ಕೂತು ಮುಗಿಸ್ಕೊಂಡು ಹೋಗು ಅಂದ್ರು."

"ಮೊನ್ನೆ ಫೋನ್ ಮಾಡಿದ್ದು ಯಾವಮ್ಮ?" ಎಂದರು ಸೂಪರ್‌ವೈಸರು. "ಆ ದನಿಗೆ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ."

ಅತ್ತೆ ಸೆರಗು ಸರಿಮಾಡಿಕೊಂಡರು.

"ಹತ್ತು," ಎಂದರು ಸಂಯೋಜಕರು. "ನಾನು ಬರ್ತೀನಿ ಮೇಡಂ. ಆ ಎರಡನೇ ನಲ್ಲಿ ಲೆಕ್ಕ ಚೆನ್ನಾಗಿತ್ತು."

*

ಪರೀಕ್ಷೆಯ ಬೆಳಿಗ್ಗೆ ಅತ್ತೆ ಎಲ್ಲರಿಗೂ ಫೋನ್ ಮಾಡಿ ಎಬ್ಬಿಸಿದರು. ಎದ್ದು ಕೂತಿದ್ದವರನ್ನೂ ಎಬ್ಬಿಸಿದರು. ಫಲಿತಾಂಶ ಬಂದ ದಿನ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. ಬೇಕರಿಯವಳು ಪಾಸು. ಗೇಟಿನವಳು ಪಾಸು. ಅಪ್ಪನ ಫೋನಿಗೆ ಸ್ವಲ್ಪದರಲ್ಲಿ ತಪ್ಪಿತು. ಮತ್ತೆ ಕೂರುತ್ತೇನೆ ಎಂದ. ಚಾಲಕನ ಕರೆ ಮಾತ್ರ ಬರಲಿಲ್ಲ. ಕತ್ತಲಾಗುವ ಹೊತ್ತಿಗೆ ಬಂತು.

"ಗಾಡಿ ಓಡಿಸ್ತಿದ್ದೆ ಮೇಡಂ, ಹೆರಿಗೆ ಕೇಸು. ಆ ಹೆಂಗಸಿನ ಗಂಡನ ಕೈಗೆ ಫೋನ್ ಕೊಟ್ಟು ನೋಡೋಕೆ ಹೇಳಿದೆ. ಅವನಿಗೆ ಅವನ ಚಿಂತೆ. ಫೇಲ್ ಅಂತ ಓದಿದ. ಮಗು ಹುಟ್ಟಿದ ಮೇಲೆ ಮತ್ತೆ ನೋಡಿದ, ಅದು ಮೇಲಿನ ಸಾಲು ಅಂತೆ. ನಾನು ಪಾಸು ಮೇಡಂ. ನಲವತ್ತೊಂದು."

"ಮಗು ಏನು?" ಅತ್ತೆ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಕೇಳಿದರು.

ಅಂದು ಮಾವ ಅನ್ನ ಮಾಡಿದರು. ನಾಲ್ಕು ಲೋಟ ಅಕ್ಕಿಗೆ ಎಂಟು ಲೋಟ ನೀರು. ಅನ್ನ ಬಿಡಿಬಿಡಿಯಾಗಿತ್ತು, ಉಪ್ಪು ಮಾತ್ರ ಹೆಚ್ಚಾಗಿತ್ತು. ಹೆಚ್ಚಾಗಿದೆ ಎಂದು ನನಗೆ ತಿಳಿಯಿತು. ನೀರು ಕುಡಿದು ಮತ್ತೆ ಬಡಿಸಿಕೊಂಡೆ.

"ಸಂಯೋಜಕರು ಮುಂದಿನ ತಂಡಕ್ಕೂ ಕೇಳಿದಾರೆ," ಎಂದೆ.

ಮೂವರೂ ಅತ್ತೆಯ ಕಡೆ ನೋಡಿದೆವು. ಅತ್ತೆ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ನನ್ನನ್ನ ಯಾಕೆ ನೋಡ್ತೀರ? ನಾನು ಏನೂ ಹೇಳಿಲ್ಲ ಅವರಿಗೆ. ಅವಳಿಗೆ ಬಂದ ಫೋನ್ ಕಾಲು, ಅವಳೇ ಮಾತಾಡ್ಲಿ."

"ಮಾಡ್ತೀನಿ ಅಂತ ಹೇಳಿದೀನಿ," ಎಂದೆ.

"ನನಗೆ ರಜೆ ಇಲ್ವಾ ಹಾಗಾದ್ರೆ?" ಎಂದರು ಮಾವ.

ದೂರುತ್ತಲೇ ಅವರು ಆ ವಾರ ಹಳೆಯ ಲಿಫ್ಟೊಂದರ ಬಿಡಿಭಾಗಗಳನ್ನು ತಂದು ನಡುಮನೆಯಲ್ಲಿ ಹರಡಿಕೊಂಡು ಕೂತರು. ನಾನು ಯಾವ ಕೈಯಲ್ಲಿ ಬರೆಯುತ್ತೇನೆ ಎಂದು ಕೇಳಿ, ಮೇಜಿಗೆ ಕಚ್ಚಿ ಹಿಡಿಯುವ ಒಂದು ತೋಳು ಮಾಡಿಕೊಟ್ಟರು. ಅದು ಎಡಗಡೆಯಿಂದ ಚಾಚುತ್ತದೆ. ಒಬ್ಬ ಆಳನ್ನೂ ಹೊರುತ್ತದೆ ಎನ್ನುತ್ತಾರೆ ಮಾವ. ಫೋನನ್ನು ಸದ್ಯಕ್ಕೆ ಹೊರುತ್ತಿದೆ.

ಶನಿವಾರ ಮಧ್ಯಾಹ್ನ ಸ್ಟ್ಯಾಂಡಿನ ಧೂಳು ಒರೆಸಿ, ಕಾಲು ಮಡಿಸಿ, ಕೆಳಗೆ ತೆಗೆದುಕೊಂಡು ಹೋದೆ. ಸ್ಟುಡಿಯೊದಲ್ಲಿ ಒಂದು ಮಗು ಸ್ಟೂಲಿನ ಮೇಲೆ ಕೂತಿತ್ತು. ಸ್ಟುಡಿಯೊದವರ ಹೆಂಡತಿ ಎರಡೂ ಕೈಯೆತ್ತಿ ದೀಪ ಹಿಡಿದು ನಿಂತಿದ್ದರು.

"ತಡವಾಯ್ತು," ಎಂದೆ.

"ಏನೂ ತಡ ಇಲ್ಲ," ಎಂದರು ಸ್ಟುಡಿಯೊದವರು. ಸ್ಟ್ಯಾಂಡನ್ನು ನಿಲ್ಲಿಸಿ, ತೋಳನ್ನು ತಿರುಗಿಸಲು ನೋಡಿದರು. ಅದು ಕದಲಲಿಲ್ಲ. "ಎಷ್ಟು ಬಿಗಿ ಮಾಡಿದಾರೆ ನಿಮ್ಮ ಯಜಮಾನ್ರು. ನೀವು ಒಂದು ಸಲವೂ ಸಡಿಲ ಮಾಡಲಿಲ್ವಾ?"

"ಇಲ್ಲ."

"ಹಾಗಾದ್ರೆ ಸ್ವಲ್ಪ ಹಿಡ್ಕೊಳ್ಳಿ ಇಲ್ಲಿ."

ನಾನು ಕಂಬವನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಅವರು ಹಲ್ಲು ಕಚ್ಚಿ ತಿರುಪನ್ನು ತಿರುಗಿಸಿದರು. ಒಂದು ಸಲ ಜಾರಿತು. ಇನ್ನೊಂದು ಸಲಕ್ಕೆ ಕಿರ್ರೆಂದು ಬಿಟ್ಟುಕೊಂಡಿತು, ತೋಳು ನನ್ನ ಹೆಗಲ ಮೇಲೆ ಬಂದು ಕೂತಿತು.

ಸದ್ದಿಗೆ ಮಗು ನಕ್ಕಿತು.

"ಅದೇ, ಅದೇ ನಗು," ಎನ್ನುತ್ತ ಸ್ಟುಡಿಯೊದವರು ಕ್ಯಾಮೆರಾದ ಕಡೆ ಓಡಿದರು. ನನ್ನ ಕೆನ್ನೆ ಒದ್ದೆಯಾಗಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅವರ ಹೆಂಡತಿ ದೀಪವನ್ನು ಇಳಿಸಿ, ತೋಳು ಉಜ್ಜಿಕೊಳ್ಳುತ್ತ ಬಂದು, ನನ್ನ ಕೈಯಿಂದ ಸ್ಟ್ಯಾಂಡ್ ತೆಗೆದುಕೊಂಡರು.